ಯಾರ ಜೊತೆ ಆಡಿ ಗೆದ್ದರು?

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ (ನಮ್ಮ ಕಾಲ್ಚೆಂಡಾಟ ಅಲ್ಲ, ಮೊಟ್ಟೆಯಾಕಾರದ ಚೆಂಡು ಹಿಡಿದು ಓಡುವ ಆಟ) ಎಲ್ಲಕ್ಕಿಂತ ದೊಡ್ಡ ಗೆಲುವಿನ ಓಟ ಯಾವುದು ಅಂತ ಕೇಳಿದರೆ ಇಲ್ಲಿ ಆಟ ಬಲ್ಲವರೆಲ್ಲ ಹೇಳುವುದು ಒಂದೇ: 47. ಒಕ್ಲಹೋಮ ವಿಶ್ವವಿದ್ಯಾಲಯದ ತಂಡ 1953ರಿಂದ 1957ರ ನಡುವೆ ಸತತ 47 ಪಂದ್ಯ ಗೆದ್ದಿತು. ಕೋಚ್ ಬಡ್ ವಿಲ್ಕಿನ್ಸನ್. ಮೇಲಿನ ದರ್ಜೆಯಲ್ಲಿ ಇವತ್ತಿಗೂ ಅದನ್ನು ಯಾರೂ ಮುಟ್ಟಿಲ್ಲ. ಆದರೆ ನಾನಿರುವ ಅಟ್ಲಾಂಟಾದಲ್ಲಿ ಆ ಸಂಖ್ಯೆ ಬಾಯಿಗೆ ಬಂದ ತಕ್ಷಣ ಎದುರಿನಿಂದ ಪ್ರಶ್ನೆ ಬರುತ್ತದೆ: "ಸರಿ, ಯಾರ ಜೊತೆ ಆಡಿ ಗೆದ್ದರು?"

ಈ ಪ್ರಶ್ನೆ ನನಗೆ ತುಂಬಾ ಇಷ್ಟ. ನಮ್ಮ ಕಡೆ ಇದನ್ನು ಕೇಳುವವರು ಕಮ್ಮಿ. ಬಾಂಬೆ ತಂಡ 1958-59ರಿಂದ 1972-73ರವರೆಗೆ ಸತತ 15 ಸಲ ರಣಜಿ ಟ್ರೋಫಿ ಗೆದ್ದದ್ದು ಎಲ್ಲರಿಗೂ ಬಾಯಿಪಾಠ. ಆಗಿನ ಪಶ್ಚಿಮ ವಲಯದಲ್ಲಿ ಬಾಂಬೆಗೆ ಎದುರಾಳಿಗಳು ಯಾರು, ನಮ್ಮ ದಕ್ಷಿಣ ವಲಯದಲ್ಲಿ ಮದ್ರಾಸು, ಹೈದರಾಬಾದ್ ದಾಟಿ ಬರುವುದು ಎಷ್ಟು ಕಷ್ಟ ಇತ್ತು, ಇದನ್ನು ಕೂತು ಲೆಕ್ಕ ಹಾಕಿದವರನ್ನು ನಾನು ನೋಡಿದ್ದು ಅಪರೂಪ. ಮೊದಲ ಹಲವು ವರ್ಷ ವಲಯಕ್ಕೆ ಒಂದೇ ತಂಡ ಮುಂದೆ ಹೋಗುತ್ತಿತ್ತು. ಅಂದರೆ ಗಟ್ಟಿ ವಲಯದ ಎರಡನೇ ತಂಡ ಮನೆಯಲ್ಲೇ ಕೂತಿರಬೇಕು. ಇಲ್ಲಿನ ಕಾನ್ಫರೆನ್ಸ್ ಅಂದರೂ ಹೆಚ್ಚು ಕಡಿಮೆ ಇಂಥದ್ದೇ. ಅಕ್ಕಪಕ್ಕದ ರಾಜ್ಯಗಳ ಕಾಲೇಜುಗಳ ಒಂದು ಗುಂಪು. ಮೊದಲು ಅಲ್ಲಿ ಗೆಲ್ಲಬೇಕು.

ಒಕ್ಲಹೋಮ ಇದ್ದದ್ದು ಬಿಗ್ ಸೆವೆನ್ ಅನ್ನುವ ಗುಂಪಿನಲ್ಲಿ. ನೆಬ್ರಾಸ್ಕ, ಮಿಸೌರಿ, ಕಾನ್ಸಸ್, ಕಾನ್ಸಸ್ ಸ್ಟೇಟ್, ಕೊಲರಾಡೊ, ಅಯೋವಾ ಸ್ಟೇಟ್ ಉಳಿದ ಆರು. 1956ರ ಸ್ಕೋರುಗಳನ್ನು ನೋಡಿ: ಮಿಸೌರಿ ಮೇಲೆ 67-14, ನೆಬ್ರಾಸ್ಕ ಮೇಲೆ 54-6. ಕೊಲರಾಡೊ ಮಾತ್ರ ಅರ್ಧ ಆಟದಲ್ಲಿ ಮುಂದಿತ್ತು, ಕೊನೆಗೆ 27-19ಕ್ಕೆ ಸೋತಿತು. 47 ಗೆಲುವಿನಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಆರು ತಂಡಗಳ ಮೇಲೆಯೇ ಬಂದದ್ದು. ಗುಂಪು ದುರ್ಬಲವಾಗಿತ್ತು ಅನ್ನುವುದರಲ್ಲಿ ಸಂಶಯವೇ ಇಲ್ಲ.

ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅನ್ಯಾಯ. ಗುಂಪಿನ ಹೊರಗೆ ಏನು ಮಾಡಿದರು ಅಂತಲೂ ನೋಡಬೇಕು. 1954ರ ಹೊಸ ವರ್ಷದ ದಿನ, ಋತುವಿನ ಕೊನೆಗೆ ಆಹ್ವಾನಿತ ತಂಡಗಳು ಆಡುವ ಆರೆಂಜ್ ಬೌಲ್‌ನಲ್ಲಿ ಎದುರಾದದ್ದು ಮೇರಿಲ್ಯಾಂಡ್. ಆಗಲೇ ರಾಷ್ಟ್ರೀಯ ಚಾಂಪಿಯನ್ ಅನ್ನಿಸಿಕೊಂಡು ಬಂದಿದ್ದ ತಂಡ. ಅದನ್ನು ಒಕ್ಲಹೋಮ 7-0ಗೆ ಸೋಲಿಸಿತು. ಎರಡು ವರ್ಷದ ನಂತರ ಅದೇ ಮೈದಾನದಲ್ಲಿ ಅದೇ ತಂಡವನ್ನು 20-6ಕ್ಕೆ. ಟೆಕ್ಸಸ್ ತಂಡದ ಜೊತೆ ಪ್ರತಿ ವರ್ಷ ಪಂದ್ಯ ಇತ್ತು, ಪ್ರತಿ ವರ್ಷವೂ ಗೆದ್ದರು. ಒಂದೇ ತಂಡ ಎರಡು ವರ್ಷ ಸತತ ಆರೆಂಜ್ ಬೌಲ್‌ಗೆ ಹೋಗಬಾರದು ಅಂತ ಅವರ ಗುಂಪಿನಲ್ಲಿ ನಿಯಮ ಇತ್ತು. ಅದರಿಂದ 1954ರ ಋತುವಿನಲ್ಲೂ 1956ರ ಋತುವಿನಲ್ಲೂ ಒಂದೂ ಸೋಲದೆ, ಆರೆಂಜ್ ಬೌಲ್ ಹೊತ್ತಿಗೆ ಸುಮ್ನೆ ಮನೆಯಲ್ಲಿ ಇರಬೇಕಾಯಿತು. ದೊಡ್ಡವರ ಜೊತೆ ಆಡಲಿಲ್ಲ ಅಂತ ಅವರನ್ನು ದೂರುವವರಿಗೆ ಇದು ಗೊತ್ತಿರುವುದೇ ಇಲ್ಲ.

ಇನ್ನೊಂದು ವಿಷಯ. 1996ಕ್ಕೆ ಮುಂಚೆ ಆಟ ಸಮವಾದರೆ ಸಮ. ಹೆಚ್ಚುವರಿ ಆಟ ಇರಲಿಲ್ಲ. ಒಂದೇ ಒಂದು ಡ್ರಾ ಆದರೂ ಗೆಲುವಿನ ಓಟ ಮುಗಿದ ಹಾಗೆ. ಒಕ್ಲಹೋಮ 47 ಸಲವೂ 60 ನಿಮಿಷದೊಳಗೇ ಗೆಲ್ಲಬೇಕಿತ್ತು. ಆ ಓಟಕ್ಕೆ ಸ್ವಲ್ಪ ಮುಂಚೆ ನೋಟ್ರ ಡೇಮ್ ಮೇಲೆ 28-21ಕ್ಕೆ ಸೋತಿದ್ದರು, ಪಿಟ್ಸ್‌ಬರ್ಗ್ ಜೊತೆ 7-7ಕ್ಕೆ ಸಮ ಮಾಡಿಕೊಂಡಿದ್ದರು. ಕೊನೆಗೆ ಓಟ ನಿಲ್ಲಿಸಿದ್ದೂ ಅದೇ ನೋಟ್ರ ಡೇಮ್. 1957ರ ನವೆಂಬರ್ 16, ಒಕ್ಲಹೋಮದ ತವರಿನಲ್ಲೇ. ಆಟ ಮುಗಿಯಲು ನಾಲ್ಕು ನಿಮಿಷವೂ ಇಲ್ಲದಾಗ ನಾಲ್ಕನೇ, ಅಂದರೆ ಕೊನೆಯ ಯತ್ನದಲ್ಲಿ ಡಿಕ್ ಲಿಂಚ್ ಬಲಗಡೆ ಓಡಿ, ಎದುರಾಳಿಯ ಗೆರೆ ದಾಟಿ ಟಚ್‌ಡೌನ್ ಮಾಡಿದ. 7-0. ಇಡೀ ಆಟದಲ್ಲಿ ಬಂದ ಅಂಕ ಅಷ್ಟೇ.

ಆ ಕಾಲದ ಬಲಾಬಲ ಅಳೆಯುವಾಗ ಇನ್ನೊಂದು ಮಾತನ್ನು ಬಿಡುವ ಹಾಗಿಲ್ಲ. ಒಕ್ಲಹೋಮ ತಂಡಕ್ಕೆ ಮೊದಲ ಕಪ್ಪು ಆಟಗಾರ ಪ್ರೆಂಟಿಸ್ ಗಾಟ್ ಸೇರಿದ್ದೇ 1956ರಲ್ಲಿ. ಇಲ್ಲಿ ದಕ್ಷಿಣದ ಎಸ್‌ಇಸಿ (ಸೌತ್‌ಈಸ್ಟರ್ನ್ ಕಾನ್ಫರೆನ್ಸ್) ಗುಂಪಿನಲ್ಲಿ ಒಬ್ಬ ಕಪ್ಪು ಹುಡುಗ ಕಣಕ್ಕಿಳಿಯಲು 1967 ಆಗಬೇಕಾಯಿತು. ಅಷ್ಟು ಜನ ಒಳ್ಳೆಯ ಆಟಗಾರರನ್ನು ಹೊರಗಿಟ್ಟು ಆಡಿದ ಕಾಲ ಅದು. ಆಗಿನ ಯಾವ ಗುಂಪನ್ನೂ, ಯಾವ ಓಟವನ್ನೂ ಇಂದಿನದಕ್ಕೆ ನೇರವಾಗಿ ಹೋಲಿಸಲು ನನಗೆ ಮನಸ್ಸು ಬರುವುದಿಲ್ಲ.

ಈಗ ನಮ್ಮೂರಿನ ತಂಡಕ್ಕೆ ಬರೋಣ. ಜಾರ್ಜಿಯಾ 2021ರ ಕೊನೆಯಿಂದ 2023ರ ಡಿಸೆಂಬರ್‌ವರೆಗೆ ಸತತ 29 ಪಂದ್ಯ ಗೆದ್ದಿತು. ಎಸ್‌ಇಸಿ ಅಂದರೆ ಎಲ್ಲರಿಗಿಂತ ಗಟ್ಟಿ ಗುಂಪು ಅಂತ ಇಲ್ಲಿ ಎದೆ ತಟ್ಟಿ ಹೇಳುತ್ತಾರೆ. 2006ರಿಂದ 2012ರವರೆಗೆ ಸತತ ಏಳು ರಾಷ್ಟ್ರೀಯ ಪ್ರಶಸ್ತಿ ಈ ಗುಂಪಿಗೇ ಬಂದಿರುವಾಗ ಹೇಳಿದರೆ ತಪ್ಪೇನಿಲ್ಲ. 2022ರ ಡಿಸೆಂಬರ್ 31ರ ರಾತ್ರಿ ಅಟ್ಲಾಂಟಾದಲ್ಲಿ ಒಹಾಯೊ ಸ್ಟೇಟ್ ಜೊತೆಗಿನ ರಾಷ್ಟ್ರೀಯ ಪ್ರಶಸ್ತಿಯ ಸೆಮಿಫೈನಲ್ ಅನ್ನು ಜಾರ್ಜಿಯಾ 42-41ಕ್ಕೆ ಗೆದ್ದಿತು. ಹೊಸ ವರ್ಷ ಬರುವ ಹೊತ್ತಿಗೆ ಎದುರಾಳಿಯ ಕೊನೆಯ ಒದೆತ ಗುರಿ ತಪ್ಪಿ ಎಡಕ್ಕೆ ಹೋಯಿತು. ಅಂಥ ಒಂದು ಪಂದ್ಯ ನೆಬ್ರಾಸ್ಕ ಮೇಲಿನ 54-6ರಂಥ ಹಲವು ಗೆಲುವಿಗೆ ಸಮ ಅಂತ ನನ್ನ ಅಭಿಪ್ರಾಯ. ಆದರೆ 2023ರಲ್ಲಿ ಗುಂಪಿನ ಹೊರಗೆ ಇದೇ ಜಾರ್ಜಿಯಾ ಆಡಿದ್ದು ಟೆನೆಸಿ ಮಾರ್ಟಿನ್, ಬಾಲ್ ಸ್ಟೇಟ್, ಯುಎಬಿ, ಜಾರ್ಜಿಯಾ ಟೆಕ್ ಜೊತೆ. ಮೊದಲನೆಯದು ಮೇಲಿನ ದರ್ಜೆಯ ತಂಡವೇ ಅಲ್ಲ. "ಯಾರ ಜೊತೆ ಆಡಿದರು" ಅನ್ನುವ ಪ್ರಶ್ನೆಯನ್ನು ಒಕ್ಲಹೋಮಕ್ಕೆ ಕೇಳುವವರು ತಮ್ಮ ತಂಡಕ್ಕೂ ಕೇಳಬೇಕು, ಅಲ್ವಾ?

ಆ ಓಟ ಮುಗಿದದ್ದು 2023ರ ಡಿಸೆಂಬರ್ 2ರಂದು. ಎಸ್‌ಇಸಿ ಫೈನಲ್‌ನಲ್ಲಿ ಅಲಬಾಮ 27-24ಕ್ಕೆ ಗೆದ್ದಿತು. ಮಾರನೆಯ ದಿನ ನಡೆದದ್ದನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ. ಫ್ಲೋರಿಡಾ ಸ್ಟೇಟ್ 13 ಪಂದ್ಯ ಆಡಿ 13ನ್ನೂ ಗೆದ್ದಿತ್ತು. ಎಸಿಸಿ ಗುಂಪಿನ ಚಾಂಪಿಯನ್. ಹಿಂದಿನ ವರ್ಷದ್ದೂ ಸೇರಿಸಿದರೆ ಸತತ 19 ಗೆಲುವು. ರಾಷ್ಟ್ರೀಯ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಪ್ಲೇಆಫ್‌ಗೆ ಆಗ ನಾಲ್ಕೇ ಜಾಗ. ಆಯ್ಕೆ ಸಮಿತಿ ಕೂತು, ಒಂದು ಸೋಲು ಕಂಡಿದ್ದ ಅಲಬಾಮವನ್ನು ಒಳಗೆ ತೆಗೆದುಕೊಂಡು ಒಂದೂ ಸೋಲದ ಫ್ಲೋರಿಡಾ ಸ್ಟೇಟನ್ನು ಹೊರಗಿಟ್ಟಿತು. ಅವರ ಮುಖ್ಯ ಕ್ವಾರ್ಟರ್‌ಬ್ಯಾಕ್ (ಆಟ ನಡೆಸಿ ಚೆಂಡು ಎಸೆಯುವವನು) ಜಾರ್ಡನ್ ಟ್ರಾವಿಸ್ ಗಾಯಗೊಂಡಿದ್ದ, ನಿಜ. ಆಮೇಲೆ ಆರೆಂಜ್ ಬೌಲ್‌ನಲ್ಲಿ ಜಾರ್ಜಿಯಾ ಅವರನ್ನು 63-3ಕ್ಕೆ ಬಡಿಯಿತು, ಅದೂ ನಿಜ. ಅಷ್ಟು ಹೊತ್ತಿಗೆ ಅವರ ಹಲವು ಮುಖ್ಯ ಆಟಗಾರರು ಆ ಪಂದ್ಯ ಆಡುವುದನ್ನೇ ಬಿಟ್ಟಿದ್ದರು. ಅದನ್ನು ತೋರಿಸಿ ಸಮಿತಿ ಮಾಡಿದ್ದು ಸರಿ ಅನ್ನುವುದು ನನಗೆ ಹಿಡಿಸುವುದಿಲ್ಲ.

ಈ ಒಂದು ವಿಷಯದಲ್ಲಿ ನಮ್ಮ ರಣಜಿಯ ರೀತಿಯೇ ಮೇಲು. ಬಾಂಬೆಯ 15 ವರ್ಷದ ಆಳ್ವಿಕೆ ಮುರಿದದ್ದು ಯಾವ ಸಮಿತಿಯೂ ಅಲ್ಲ. 1974ರಲ್ಲಿ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಕರ್ನಾಟಕ 385 ಹೊಡೆಯಿತು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಗವಾಸ್ಕರ್ ಅವರನ್ನು ಪ್ರಸನ್ನ ಬೌಲ್ಡ್ ಮಾಡಿದರು, ವಾಡೇಕರ್ ಕಾಲು ಜಾರಿ ರನೌಟ್ ಆದರು, ಬಾಂಬೆ 307ಕ್ಕೆ ಮುಗಿಯಿತು. ಮೊದಲ ಇನಿಂಗ್ಸ್ ಮುನ್ನಡೆಯ ಮೇಲೆ ನಮ್ಮವರು ಫೈನಲ್‌ಗೆ ಹೋಗಿ ಟ್ರೋಫಿ ತಂದರು. ಅಲ್ಲಿಯವರೆಗೆ ಒಂದು ಸಲವೂ ರಣಜಿ ಗೆಲ್ಲದ ತಂಡ ನಮ್ಮದು. ಬಾಂಬೆಯೇ ಬಲವಾದ ತಂಡ ಅಂತ ಒಂದು ಕೋಣೆಯಲ್ಲಿ ಕೂತು ತೀರ್ಮಾನ ಮಾಡಿದ್ದರೆ ಆ ದಿನ ಬರುತ್ತಿತ್ತೇ?

2024ರಿಂದ ಪ್ಲೇಆಫ್‌ಗೆ 12 ತಂಡ. ಅದರಲ್ಲಿ ಐದು ಜಾಗ ಗುಂಪುಗಳ ಚಾಂಪಿಯನ್‌ಗಳಿಗೇ ಮೀಸಲು. ಹಾಗಾಗಿ ಚಿಕ್ಕ ಗುಂಪುಗಳಿಂದಲೂ ತಂಡಗಳು ಒಳಗೆ ಬಂದವು: ಮೊದಲ ವರ್ಷ ಬಾಯ್ಸಿ ಸ್ಟೇಟ್ ಬಂತು, 2025ರಲ್ಲಿ ಟುಲೇನ್, ಜೇಮ್ಸ್ ಮ್ಯಾಡಿಸನ್ ಬಂದವು. ಮೂರೂ ಮೊದಲ ಪಂದ್ಯದಲ್ಲೇ ಸೋತವು. ಇಂಥ ಚಿಕ್ಕ ಗುಂಪುಗಳಿಗೆ ಬಾಗಿಲು ಹಾಕಿ ಅನ್ನುವ ಮಾತು ಇಲ್ಲಿ ಜೋರಾಗಿದೆ. ನನಗೆ ಇದು ಸರಿ ಕಾಣುವುದಿಲ್ಲ. ಎಸ್‌ಇಸಿ ಈಗ 16 ತಂಡ, ಬಿಗ್ ಟೆನ್ ಅನ್ನುವ ಇನ್ನೊಂದು ದೊಡ್ಡ ಗುಂಪು 18. ಗುಂಪಿನೊಳಗೇ ಎಲ್ಲರೂ ಎಲ್ಲರ ಜೊತೆ ಆಡಲು ಆಗುತ್ತಿಲ್ಲ. ಆ ಹಳೆಯ ಬಿಗ್ ಸೆವೆನ್‌ನಲ್ಲಿ ಅದಾದರೂ ಇತ್ತು. ಗಟ್ಟಿ ಗುಂಪು ಅನ್ನುವ ಹೆಸರನ್ನೇ ನೋಡಿ ಜಾಗ ಕೊಡುವುದಕ್ಕಿಂತ, ಚಾಂಪಿಯನ್‌ಗಳ ಐದು ಜಾಗವನ್ನು ಆರು ಮಾಡಿದರೆ ನಾನು ಅದರ ಪರವಾಗಿ ಕೈ ಎತ್ತುತ್ತೇನೆ.