ಮೊದಲು ಟೈರ್, ಆಮೇಲೆ ರಿಮ್, ಲಿಫ್ಟ್ ಕೊನೆಗೆ

"ಎರಡು ಇಂಚು ಲಿಫ್ಟ್ ಹಾಕಿಸಿದ್ದೀನಿ, ಈಗ ಎಷ್ಟು ದೊಡ್ಡ ಟೈರ್ ಕೂರುತ್ತೆ?" ಕಲ್ಲು, ಕೆಸರಿನ ದಾರಿಯಲ್ಲಿ ಫೋರ್ ವೀಲ್ ಡ್ರೈವ್ ಗಾಡಿ ಓಡಿಸುವವರಿಂದ ಇನ್‌ಬಾಕ್ಸಿಗೆ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. (ಲಿಫ್ಟ್ ಅಂದರೆ ಉದ್ದದ ಸ್ಪ್ರಿಂಗ್ ಅಥವಾ ಬ್ಲಾಕ್ ಹಾಕಿಸಿ ಗಾಡಿಯನ್ನು ಎತ್ತರಿಸುವುದು.) ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಇಲ್ಲೇ ಒಟ್ಟಿಗೆ ಬರೆದುಬಿಡುತ್ತೇನೆ. ಉದ್ದ ಆಗುತ್ತೆ, ಬೇಜಾರಾದರೆ ಮುಂದಕ್ಕೆ ಹೋಗಿ.

ನನ್ನ ಪ್ರಕಾರ ಆ ಪ್ರಶ್ನೆಯೇ ಉಲ್ಟಾ. ಗಾಡಿ ಎತ್ತರಿಸಿಕೊಂಡು ಆಮೇಲೆ ಟೈರ್ ಹುಡುಕುವುದಲ್ಲ. ಯಾವ ನೆಲದಲ್ಲಿ ಓಡಿಸುತ್ತೀರಿ ಅನ್ನೋದನ್ನ ನೋಡಿ ಟೈರ್ ಆರಿಸಬೇಕು. ಆ ಟೈರಿಗೆ ತಕ್ಕ ರಿಮ್ ಆರಿಸಬೇಕು. ಇವೆರಡೂ ಸೇರಿ ಎಲ್ಲಾದರೂ ಉಜ್ಜಿದರೆ, ಅದಕ್ಕೆ ಎಷ್ಟು ಬೇಕೋ ಅಷ್ಟು ಮಾತ್ರ ಲಿಫ್ಟ್.

ಯಾಕೆ ಹೀಗೆ ಹೇಳ್ತೀನಿ ಅಂದರೆ, ಲಿಫ್ಟ್ ಮಾಡಿಸಿದರೆ ಟೈರಿಗೆ ಜಾಗ ಬರುತ್ತದೆ ಅನ್ನೋ ನಂಬಿಕೆ ಅರ್ಧ ಮಾತ್ರ ನಿಜ. ಗಾಡಿ ಸಮತಟ್ಟು ನೆಲದಲ್ಲಿ ನಿಂತಿರುವಾಗ ಫೆಂಡರಿಗೂ (ಚಕ್ರದ ಮೇಲಿನ ಮಡ್‌ಗಾರ್ಡ್) ಟೈರಿಗೂ ನಡುವೆ ಒಳ್ಳೆ ಜಾಗ ಕಾಣಿಸುತ್ತದೆ, ಸರಿ. ಆದರೆ ಒಂದು ಚಕ್ರ ಬಂಡೆ ಹತ್ತಿದಾಗ ಸ್ಪ್ರಿಂಗ್ ಪೂರ್ತಿ ಕುಗ್ಗುತ್ತದೆ, ಆಕ್ಸಲ್ ಮೇಲೆ ಹೋಗಿ ಚಾಸಿಸ್‌ನಲ್ಲಿರುವ ಬಂಪ್ ಸ್ಟಾಪ್‌ಗೆ (ಚಕ್ರ ಅದಕ್ಕಿಂತ ಮೇಲೆ ಹೋಗದಂತೆ ತಡೆಯುವ ತುಂಡು) ಬಡಿಯುತ್ತದೆ. ಆ ಬಂಪ್ ಸ್ಟಾಪ್ ಕಂಪನಿ ಇಟ್ಟ ಜಾಗದಲ್ಲೇ ಇದೆ ಅಲ್ವಾ? ಅಂದಮೇಲೆ ಚಕ್ರ ಕೊನೆಗೆ ಹೋಗಿ ನಿಲ್ಲುವ ಜಾಗವೂ ಹಳೆಯದೇ. ನೀವು ಉದ್ದದ ಸ್ಪ್ರಿಂಗ್ ಹಾಕಿಸಿ ಬಂಪ್ ಸ್ಟಾಪ್ ಉದ್ದ ಮಾಡಿಸದಿದ್ದರೆ, ನಿಂತಾಗ ಉಜ್ಜದ ಟೈರ್ ಏರಿನ ಮಧ್ಯದಲ್ಲಿ ಫೆಂಡರ್ ಕಚ್ಚುತ್ತದೆ. ಬಂಪ್ ಸ್ಟಾಪ್ ಉದ್ದ ಮಾಡಿಸಿದರೆ ಕಚ್ಚುವುದಿಲ್ಲ, ಆದರೆ ಚಕ್ರ ಮೇಲಕ್ಕೆ ಹೋಗುವ ಚಲನೆ ಅಷ್ಟು ಕಡಿಮೆಯಾಗುತ್ತದೆ. ಬಿಟ್ಟಿಯಾಗಿ ಏನೂ ಸಿಗುವುದಿಲ್ಲ.

ಚಾಸಿಸ್‌ಗೂ ಬಾಡಿಗೂ ನಡುವೆ ಬ್ಲಾಕ್ ಇಡುವ ಬಾಡಿ ಲಿಫ್ಟ್ ಕತೆ ಬೇರೆ. ಅದರಲ್ಲಿ ಫೆಂಡರೇ ಮೇಲೆ ಹೋಗುವುದರಿಂದ ಟೈರಿಗೆ ನಿಜವಾಗಲೂ ಜಾಗ ಸಿಗುತ್ತದೆ. ಆದರೆ ಚಾಸಿಸ್ ಇದ್ದಲ್ಲೇ ಇರುತ್ತದೆ, ಅಡಿಗೆ ಕಲ್ಲು ತಗಲುವುದು ತಪ್ಪುವುದಿಲ್ಲ.

ಇನ್ನೊಂದು ತಪ್ಪು ಲೆಕ್ಕ ಗ್ರೌಂಡ್ ಕ್ಲಿಯರೆನ್ಸ್‌ದು. ಸಾಲಿಡ್ ಆಕ್ಸಲ್, ಅಂದರೆ ಎರಡೂ ಚಕ್ರಗಳನ್ನು ಸೇರಿಸುವ ಒಂದೇ ಗಟ್ಟಿ ಆಕ್ಸಲ್ ಇರುವ ಗಾಡಿಯಲ್ಲಿ ನೆಲಕ್ಕೆ ಹತ್ತಿರ ಇರೋದು ಡಿಫರೆನ್ಷಿಯಲ್ ಗುಂಡು, ಅಂದರೆ ಆಕ್ಸಲ್‌ನಲ್ಲಿ ಗೇರ್‌ಗಳಿರುವ ಉಬ್ಬು. ನಾಲ್ಕು ಇಂಚು ಲಿಫ್ಟ್ ಮಾಡಿಸಿ, ಆ ಗುಂಡು ಒಂದು ಕೂದಲಿನಷ್ಟೂ ಮೇಲೆ ಬರುವುದಿಲ್ಲ. ಆಕ್ಸಲ್ ಎತ್ತುವುದು ಟೈರ್ ಮಾತ್ರ, ಅದೂ ವ್ಯಾಸ ಹೆಚ್ಚಿದ್ದರಲ್ಲಿ ಅರ್ಧ. ಲಿಫ್ಟ್‌ನಿಂದ ಮುಂದಿನ, ಹಿಂದಿನ ಬಂಪರ್ ನೆಲಕ್ಕೆ ತಗಲದೆ ಏರಿ ಇಳಿಯಬಹುದಾದ ಕೋನಗಳು ಸುಧಾರಿಸುತ್ತವೆ, ಗಾಡಿಯ ಹೊಟ್ಟೆ ತಗಲುವುದು ಕಡಿಮೆಯಾಗುತ್ತದೆ, ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ ಜತೆಗೆ ಗಾಡಿಯ ಭಾರದ ಕೇಂದ್ರವೂ ಮೇಲೆ ಹೋಗುತ್ತದೆ, ಓರೆ ಇಳಿಜಾರಿನಲ್ಲಿ ಗುಂಡಿಗೆ ಝಲ್ ಅನ್ನೋದು ಅದರಿಂದಲೇ.

ಈಗ ಅಳತೆ. 245/70 ಆರ್ 16 ಅಂದರೆ ಅಗಲ 245 ಮಿಲಿಮೀಟರ್, ಸೈಡ್‌ವಾಲ್ ಎತ್ತರ ಅದರ 70 ಪರ್ಸೆಂಟ್, ರಿಮ್ 16 ಇಂಚು. ಗುಣಿಸಿ ಕೂಡಿದರೆ ಒಟ್ಟು ವ್ಯಾಸ ಸುಮಾರು 29.5 ಇಂಚು ಬರುತ್ತದೆ. 265/70 ಆರ್ 17 ಸುಮಾರು 31.6. 285/70 ಆರ್ 17 ಸುಮಾರು 32.7, ಇದನ್ನೇ ಎಲ್ಲರೂ 33 ಅಂತ ಕರೆಯೋದು. ಲೆಕ್ಕದಲ್ಲಿ ಬರುವ ವ್ಯಾಸವೂ ನಿಜವಾದ ಟೈರಿನ ವ್ಯಾಸವೂ ಒಂದೇ ಇರುವುದಿಲ್ಲ. ಒಂದೇ ಸೈಜಿನ ಎರಡು ಕಂಪನಿಯ ಟೈರ್ ಪಕ್ಕ ಪಕ್ಕ ನಿಲ್ಲಿಸಿ ನೋಡಿ, ಎತ್ತರದಲ್ಲೂ ಭುಜದ ಅಗಲದಲ್ಲೂ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಹಾಗಾಗಿ ಸೈಡ್‌ವಾಲ್ ಮೇಲೆ ಅಚ್ಚಾದ ನಂಬರನ್ನಷ್ಟೇ ನಂಬಬೇಡಿ, ಆ ಮಾಡೆಲ್‌ಗೆ ಕಂಪನಿ ಕೊಟ್ಟಿರುವ ವ್ಯಾಸ ನೋಡಿ.

29.5ರಿಂದ 32.7ಕ್ಕೆ ಹೋದರೆ ವ್ಯಾಸ ಸುಮಾರು 11 ಪರ್ಸೆಂಟ್ ಜಾಸ್ತಿ. ಡಿಫರೆನ್ಷಿಯಲ್ ಮೇಲೆ ಬರೋದು 1.6 ಇಂಚು. ಅದಕ್ಕೆ ಕೊಡುವ ಬೆಲೆ ಏನು ಅಂತ ನೋಡಿ. ಸ್ಪೀಡೋಮೀಟರ್ 100 ತೋರಿಸುವಾಗ ಗಾಡಿ 111ರ ಹತ್ತಿರ ಓಡುತ್ತಿರುತ್ತದೆ. (ವಿಶ್ವಸಂಸ್ಥೆಯ 39ನೇ ವಾಹನ ನಿಯಮ ಪಾಲಿಸುವ ದೇಶಗಳಲ್ಲಿ ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು. ಅದಕ್ಕೇ ಕಂಪನಿಯವರು ಸ್ವಲ್ಪ ಜಾಸ್ತಿ ತೋರಿಸುವ ಹಾಗೆ ಇಟ್ಟಿರುತ್ತಾರೆ. ಆ ಸ್ವಲ್ಪ 11 ಪರ್ಸೆಂಟ್ ನುಂಗುವಷ್ಟು ದೊಡ್ಡದು ಅಂತ ಅಂದುಕೊಳ್ಳಬೇಡಿ.) ಡಿಫರೆನ್ಷಿಯಲ್ ರೇಶಿಯೋ (ಚಕ್ರ ಒಂದು ಸುತ್ತು ತಿರುಗಲು ಡ್ರೈವ್ ಶಾಫ್ಟ್ ತಿರುಗಬೇಕಾದ ಸುತ್ತು) 3.73 ಇದ್ದರೆ, ಇಂಜಿನ್ನಿಗೆ ಅದು 3.37ರ ಹಾಗೆ ಭಾಸವಾಗುತ್ತದೆ. ಏರಿನಲ್ಲಿ ಗೇರ್ ಇಳಿಸುತ್ತಲೇ ಇರಬೇಕು. ಲೋ ರೇಂಜ್‌ನಲ್ಲಿ (ನಿಧಾನಕ್ಕೆ, ಜಾಸ್ತಿ ಎಳೆತದಲ್ಲಿ ಹೋಗಲು ಇರುವ ಗೇರ್) ಕಲ್ಲಿನ ಮೇಲೆ ತೆವಳುವಾಗ ಗಾಡಿ ಮೊದಲಿಗಿಂತ ಜೋರಾಗಿ ಹೋಗುತ್ತದೆ, ನಿಧಾನವಾಗಿ ಹೋಗಬೇಕಾದ ಜಾಗದಲ್ಲೇ. ಮೊದಲಿನ ಎಳೆತ ವಾಪಸ್ ಬೇಕು ಅಂದರೆ ಮುಂದೆ ಹಿಂದೆ ಎರಡೂ ಆಕ್ಸಲ್‌ಗೆ 4.10 ಗೇರ್ ಹಾಕಿಸಬೇಕು. ಆ ಖರ್ಚು ಟೈರಿನ ಬಿಲ್ಲಿನಲ್ಲಿ ಬರೆದಿರುವುದಿಲ್ಲ. ಬ್ರೇಕೂ ಅಷ್ಟೇ, ಅದೇ ಡಿಸ್ಕ್, ಅದೇ ಪ್ಯಾಡ್, ಆದರೆ ತಡೆಯಬೇಕಾದ ಚಕ್ರ ದೊಡ್ಡದು, ಭಾರ. ಗಟ್ಟಿ ಸೈಡ್‌ವಾಲ್‌ನ ಟೈರಿಗೆ ಹೋದರೆ ಒಂದೊಂದು ಚಕ್ರಕ್ಕೂ ಐದಾರು ಕೆಜಿ ಏರುವುದು ಮಾಮೂಲು. ಆ ಭಾರ ಸ್ಪ್ರಿಂಗಿನ ಕೆಳಗೆ, ತಿರುಗುವ ಭಾಗದಲ್ಲಿ ಕೂರುವುದರಿಂದ ಡಿಕ್ಕಿಯಲ್ಲಿ ಅಷ್ಟೇ ಕೆಜಿ ಸಾಮಾನು ಹಾಕಿದ್ದಕ್ಕಿಂತ ಜಾಸ್ತಿ ಕಾಟ ಕೊಡುತ್ತದೆ.

ಆದ್ದರಿಂದ ನಾನು ಹೇಳೋದು, ಕಂಪನಿ ಅಳತೆಗಿಂತ ಒಂದೂವರೆ ಎರಡು ಇಂಚು ವ್ಯಾಸ ಜಾಸ್ತಿ ಸಾಕು. ಅದರಾಚೆ ಹೋಗುವವರು ಗೇರ್, ಬ್ರೇಕ್, ಸ್ಟೀರಿಂಗ್ ಎಲ್ಲಾ ಸೇರಿಸಿ ಲೆಕ್ಕ ಹಾಕಿ. ಸುಮ್ನೆ ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ ಅಂತ 35 ಇಂಚಿನ ಟೈರ್ ಹಾಕಿಸಬೇಡಿ. ಅಮೆರಿಕದಲ್ಲಿ ಮಾರುವ ಜೀಪ್ ರಾಂಗ್ಲರ್ ರುಬಿಕಾನ್‌ನಂಥ ಗಾಡಿಗೆ ಕಂಪನಿಯೇ 285/70 ಆರ್ 17 ಹಾಕಿ ಕೊಡುತ್ತದೆ, ಅದರ ಆಕ್ಸಲ್, ಗೇರ್, ಫೆಂಡರ್ ಎಲ್ಲಾ ಅದಕ್ಕೇ ಅಂತ ಮಾಡಿದ್ದು. ಅದನ್ನು ನೋಡಿ ಬೇರೆ ಗಾಡಿಗೆ ಅದೇ ಸೈಜ್ ಬಯಸಿದರೆ ಹೇಗೆ?

ಅಗಲದ ವಿಷಯಕ್ಕೆ ನನ್ನ ಜತೆ ಜಗಳ ಆಡುವವರು ಬಹಳ ಜನ. ಅಗಲ ಇದ್ದಷ್ಟೂ ಹಿಡಿತ ಜಾಸ್ತಿ ಅಂತ ಅವರ ವಾದ. ಒಂದೇ ಭಾರ, ಒಂದೇ ಗಾಳಿ ಇದ್ದರೆ ಟೈರ್ ನೆಲ ಮುಟ್ಟುವ ಜಾಗದ ಒಟ್ಟು ಅಳತೆ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ, ಆಕಾರ ಬದಲಾಗುತ್ತದೆ. ಅಗಲ ಟೈರಿನದು ಗಿಡ್ಡ ಮತ್ತು ಅಗಲ, ಅಗಲ ಕಮ್ಮಿ ಇರುವ ಟೈರಿನದು ಉದ್ದ ಮತ್ತು ಕಿರಿದು. ಕೆಳಗೆ ಗಟ್ಟಿ ನೆಲ ಇರುವ ಕೆಸರಲ್ಲಿ ಕಿರಿದಾದ ಟೈರ್ ಕೆಸರು ಸೀಳಿಕೊಂಡು ಹೋಗಿ ಗಟ್ಟಿ ನೆಲ ಹಿಡಿಯುತ್ತದೆ. ತಳವೇ ಇಲ್ಲದ ಮೆತ್ತನೆ ಮರಳಲ್ಲಿ ಮಾತ್ರ ಅಗಲ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಅಲ್ಲೂ ಗಾಳಿ ಇಳಿಸಿದರೆ ಟೈರ್ ಅಗಲಕ್ಕಿಂತ ಉದ್ದಕ್ಕೇ ಜಾಸ್ತಿ ಹರಡಿಕೊಳ್ಳುತ್ತದೆ, 35 ಪಿಎಸ್‌ಐನಿಂದ 18ಕ್ಕೆ ಇಳಿಸಿದ ಮಾಮೂಲು ಟೈರ್, ಗಾಳಿ ಇಳಿಸದ ದೊಡ್ಡ ಟೈರಿಗಿಂತ ಚೆನ್ನಾಗಿ ಹೋಗುತ್ತದೆ. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪ್ ಓಡಿದ್ದು 6.00-16 ಟೈರಿನ ಮೇಲೆ. ಅಂದರೆ ಆರು ಇಂಚು ಅಗಲ. ಹಲವು ಹಳೇ ಲ್ಯಾಂಡ್ ರೋವರ್‌ಗಳದ್ದು 7.50-16. ಇವತ್ತಿಗೂ ನನಗೆ ಅತಿ ಇಷ್ಟದ ಅಳತೆ 255/85 ಆರ್ 16. ವ್ಯಾಸ 33, ಅಗಲ ಮಿತ, ತಿರುಗಿಸಿದಾಗ ಉಜ್ಜುವುದು ಕಡಿಮೆ. ಸಿಗುವುದು ಕಷ್ಟ, ಮಾಡುವ ಕಂಪನಿಗಳು ಕಮ್ಮಿ, ಅದೊಂದೇ ತಕರಾರು.

ರಿಮ್ಮಿಗೆ ಬರೋಣ. ವ್ಯಾಸದ ಬಗ್ಗೆ ನನ್ನದು ಒಂದೇ ಮಾತು: ಬ್ರೇಕ್ ಕ್ಯಾಲಿಪರ್‌ಗೆ ತಗಲದ ಅತಿ ಚಿಕ್ಕ ರಿಮ್ ಯಾವುದೋ ಅದನ್ನು ಹಾಕಿಸಿ. 33 ಇಂಚಿನ ಟೈರ್ 17ರ ರಿಮ್ ಮೇಲೆ ಕೂತರೆ ಸೈಡ್‌ವಾಲ್ ಎಂಟು ಇಂಚು ಸಿಗುತ್ತದೆ. ಅದೇ ಟೈರ್ 20ರ ರಿಮ್ ಮೇಲೆ ಆದರೆ ಆರೂವರೆ. ಗಾಳಿ ಇಳಿಸಿದಾಗ ಮಡಚಿಕೊಳ್ಳಬೇಕಾದ್ದು, ಕಲ್ಲು ಬಡಿದಾಗ ರಿಮ್ ಉಳಿಸಬೇಕಾದ್ದು ಈ ಸೈಡ್‌ವಾಲ್. ಲಿಫ್ಟ್ ಮಾಡಿದ ಗಾಡಿಗೆ 20, 22ರ ರಿಮ್ ಹಾಕಿಸುವುದು ನನಗಂತೂ ಅರ್ಥವೇ ಆಗಿಲ್ಲ. ಅಗಲಕ್ಕೆ ಟೈರ್ ಕಂಪನಿಯ ಪಟ್ಟಿ ನೋಡಿ. 285/70 ಆರ್ 17ಕ್ಕೆ ಸಾಮಾನ್ಯವಾಗಿ 7.5ರಿಂದ 9 ಇಂಚು ಅಂತ ಇರುತ್ತದೆ. ಗಾಳಿ ಇಳಿಸಿ ಓಡಿಸುವವರು ಆ ಪಟ್ಟಿಯ ಕೆಳಗಿನ ಅರ್ಧದಲ್ಲಿ ಇರೋದು ಒಳ್ಳೆಯದು. ರಿಮ್ ಕಿರಿದಾದರೆ ಸೈಡ್‌ವಾಲ್ ರಿಮ್ಮಿಗಿಂತ ಹೊರಗೆ ಉಬ್ಬಿ ಅದಕ್ಕೆ ಕಾವಲಾಗುತ್ತದೆ.

ಎಲ್ಲರೂ ಎಡವುವ ಜಾಗ ಆಫ್‌ಸೆಟ್. ರಿಮ್ಮಿನ ಅಗಲದ ನಟ್ಟನಡುವಿನಿಂದ, ಅದು ಹಬ್‌ಗೆ ಕೂರುವ ಮುಖ ಎಷ್ಟು ಮಿಲಿಮೀಟರ್ ಆಚೆ ಈಚೆ ಇದೆ ಅನ್ನುವ ಲೆಕ್ಕ. ಮುಖ ಹೊರಗಡೆ ಇದ್ದರೆ ಪ್ಲಸ್, ಒಳಗಡೆ ಇದ್ದರೆ ಮೈನಸ್. ಪ್ಲಸ್ ಜಾಸ್ತಿ ಇದ್ದಷ್ಟೂ ಚಕ್ರ ಗಾಡಿಯ ಒಳಗೆ ಹೋಗುತ್ತದೆ. ಕಂಪನಿ ರಿಮ್ 7.5 ಇಂಚು ಅಗಲ, ಪ್ಲಸ್ 30 ಅಂತ ಇಟ್ಟುಕೊಳ್ಳಿ. ನೀವು 8.5 ಇಂಚು, ಸೊನ್ನೆ ಆಫ್‌ಸೆಟ್‌ನದು ಹಾಕಿಸಿದರೆ ಹೊರ ಅಂಚು ಸುಮಾರು 43 ಮಿಲಿಮೀಟರ್ ಆಚೆ ಬರುತ್ತದೆ, ಒಳ ಅಂಚು 17 ಮಿಲಿಮೀಟರ್ ಸಸ್ಪೆನ್ಷನ್‌ನಿಂದ ದೂರ ಸರಿಯುತ್ತದೆ. ಟೈರ್ ಒಳಗಡೆ ಕಂಟ್ರೋಲ್ ಆರ್ಮ್‌ಗೆ (ಚಕ್ರವನ್ನು ಚಾಸಿಸ್‌ಗೆ ಹಿಡಿದಿಡುವ ತೋಳು) ತಗಲುತ್ತಿದ್ದರೆ ಆ 17 ಬೇಕು. ಆದರೆ ಹೊರಗೆ ಬಂದ 43 ಏನು ಮಾಡುತ್ತದೆ ಗೊತ್ತಾ? ಸ್ಟೀರಿಂಗ್ ತಿರುಗಿಸಿದಾಗ ಟೈರ್ ನಿಂತಲ್ಲೇ ತಿರುಗುವುದಿಲ್ಲ, ಕಿಂಗ್‌ಪಿನ್ (ಚಕ್ರ ಎಡಬಲಕ್ಕೆ ತಿರುಗುವ ಕೀಲು) ಸುತ್ತ ದೊಡ್ಡ ವೃತ್ತದಲ್ಲಿ ಬೀಸಿಕೊಂಡು ಬರುತ್ತದೆ. ಒಳಗೆ ಉಜ್ಜುವುದನ್ನು ತಪ್ಪಿಸಲು ಹೋಗಿ ಬಂಪರ್ ಮೂಲೆಗೆ, ಫೆಂಡರ್ ಹಿಂಭಾಗಕ್ಕೆ ಉಜ್ಜಿಸಿಕೊಂಡಂತೆ. ವೀಲ್ ಬೇರಿಂಗಿನ ಮೇಲೆ ಹೊರೆ ಏರುತ್ತದೆ, ಚಕ್ರ ಗುಂಡಿಗೆ ಬಿದ್ದಾಗ ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡ ಹಾಗೆ ಒದೆಯುತ್ತದೆ, ಬಾಗಿಲಿನ ತುಂಬಾ ಕೆಸರು. ಹಬ್‌ಗೂ ರಿಮ್ಮಿಗೂ ನಡುವೆ 30 ಮಿಲಿಮೀಟರಿನ ಸ್ಪೇಸರ್ ಹಾಕಿದರೂ ಇದೇ ಕತೆ, ಆಫ್‌ಸೆಟ್ 30 ಇಳಿದಂತೆಯೇ ಲೆಕ್ಕ. ಒಳಗೆ ತಗಲದಿರಲು ಎಷ್ಟು ಬೇಕೋ ಅಷ್ಟೇ ಹೊರಗೆ ತನ್ನಿ, ಒಂದು ಮಿಲಿಮೀಟರೂ ಜಾಸ್ತಿ ಬೇಡ.

ಉಜ್ಜುತ್ತದೋ ಇಲ್ಲವೋ ಅಂತ ತಿಳಿಯಲು ಬೇರೆಯವರ ಮಾತು ಕೇಳಬೇಡಿ, ಪರೀಕ್ಷೆ ಮಾಡಿ. ಸ್ನೇಹಿತರೊಬ್ಬರ ಗಾಡಿಗೆ ನಾವು ಹೀಗೆ ಮಾಡಿದ್ದೆವು. ಮುಂದಿನ ಎರಡೂ ಟೈರಿನ ಭುಜದ ಗುಬುಟುಗಳಿಗೆ ದಪ್ಪಗೆ ಸೀಮೆಸುಣ್ಣ ಬಳಿದು, ಒಂದು ಮುಂಚಕ್ರವನ್ನು ಬಂಡೆಯ ಮೇಲೆ ಹತ್ತಿಸಿ, ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಕೊನೆತನಕ ತಿರುಗಿಸಿ ನೋಡಿದೆವು. ಮುಂದಕ್ಕೆ ಹೋಗುವಾಗ ಎಲ್ಲೂ ಬಿಳಿ ಗುರುತಿಲ್ಲ, ಎಲ್ಲರಿಗೂ ಖುಷಿ. ಆಮೇಲೆ ಅದೇ ಕಲ್ಲಿನಿಂದ ಸ್ಟೀರಿಂಗ್ ಕೊನೆತನಕ ತಿರುಗಿಸಿಟ್ಟು ಹಿಂದಕ್ಕೆ ಇಳಿಸಿದಾಗ ಕರ್ರ್ ಅಂತ ಸದ್ದು. ಟಾರ್ಚ್ ಹಿಡಿದು ಬಗ್ಗಿ ನೋಡಿದರೆ ಫೆಂಡರ್ ಲೈನರ್‌ನ ಹಿಂಭಾಗದಲ್ಲಿ, ಬಾಡಿ ಮೌಂಟ್ (ಬಾಡಿ ಚಾಸಿಸ್ ಮೇಲೆ ಕೂರುವ ಜಾಗ) ಹತ್ತಿರ, ಅಂಗೈ ಅಗಲದ ಬಿಳಿ ಪಟ್ಟೆ. ಅಂಗಡಿಯ ಸಮತಟ್ಟು ನೆಲದಲ್ಲಿ ಎರಡು ಸಲ ಸ್ಟೀರಿಂಗ್ ತಿರುಗಿಸಿ "ಏನೂ ತಗಲಲ್ಲ ಸಾರ್" ಅನ್ನುವ ಪರೀಕ್ಷೆಯಲ್ಲಿ ಇದು ಸಿಗುವುದೇ ಇಲ್ಲ. ಹಿಂದಿನ ಚಕ್ರಗಳಿಗೆ ಜನ, ಸಾಮಾನು ತುಂಬಿಸಿಯೇ ನೋಡಬೇಕು.

ಟೈರ್ ಎಷ್ಟು ಭಾರ ಹೊರುತ್ತದೆ ಅಂತ ಹೇಳುವ ನಂಬರ್, ಲೋಡ್ ಇಂಡೆಕ್ಸ್, ಅದರ ಬಗ್ಗೆ ಚಿಕ್ಕದಾಗಿ. 113 ಅಂದರೆ ಒಂದು ಟೈರ್ 1150 ಕೆಜಿ ಹೊರುತ್ತದೆ, 121 ಅಂದರೆ 1450. ಕಂಪನಿ ಕೊಟ್ಟಿದ್ದಕ್ಕಿಂತ ಕೆಳಗೆ ಇಳಿಯಬಾರದು, ಅಷ್ಟೇ. ಆದರೆ ಜಿಮ್ನಿಯಂಥ ಹಗುರ ಗಾಡಿಗೆ ಲಾರಿ ಹೊರುವಂಥ ಗಟ್ಟಿ ಟೈರ್ ಹಾಕಿಸುವವರನ್ನೂ ನೋಡಿದ್ದೇನೆ. ಆ ಸೈಡ್‌ವಾಲ್ ಮಡಚಬೇಕಾದರೆ ಗಾಡಿಗೆ ಅಷ್ಟು ಭಾರವೇ ಇಲ್ಲ, ಗಾಳಿ ಎಷ್ಟು ಇಳಿಸಿದರೂ ಟೈರ್ ಕಲ್ಲಿನ ಮೇಲೆ ಪುಟಿಯುತ್ತಲೇ ಇರುತ್ತದೆ.

ನಟ್ ತೂತುಗಳ ಅಳತೆ, ಹಬ್ಬಿನ ನಡುವಿನ ತೂತು, ನಟ್ ಕೂರುವ ಆಕಾರ, ಈ ಮೂರೂ ಸರಿಯಾಗಿ ಹೊಂದಬೇಕು. 5x127ರ (ಐದು ತೂತು, 127 ಮಿಲಿಮೀಟರ್ ವ್ಯಾಸದ ವೃತ್ತದ ಮೇಲೆ) ಜಾಗದಲ್ಲಿ 5x139.7 ಕೂರುವುದಿಲ್ಲ, ಹತ್ತಿರ ಹತ್ತಿರ ಅನ್ನೋದು ಇಲ್ಲಿ ನಡೆಯುವುದಿಲ್ಲ. ಹೊಸ ರಿಮ್ ಹಾಕಿ ನೂರು ಕಿಲೋಮೀಟರ್ ಒಳಗೆ ಟಾರ್ಕ್ ರೆಂಚ್‌ನಿಂದ ನಟ್‌ಗಳನ್ನು ಮತ್ತೆ ಬಿಗಿ ಮಾಡಿಸಿ.

ಕೊನೆಗೆ ಸ್ಟೆಪ್ನಿ. ನಾಲ್ಕು ಚಕ್ರ ದೊಡ್ಡದು ಮಾಡಿಸಿ ಐದನೆಯದನ್ನು ಹಳೇ ಸೈಜಿನಲ್ಲೇ ಬಿಡುವವರು ಎಷ್ಟು ಜನ! ಬೇರೆ ವ್ಯಾಸದ ಒಂದು ಚಕ್ರ ಹಾಕಿಕೊಂಡು ಫೋರ್ ವೀಲ್ ಡ್ರೈವ್‌ನಲ್ಲಿ ಗಟ್ಟಿ ನೆಲದ ಮೇಲೆ ಓಡಿಸಿದರೆ ಮುಂದಿನ ಹಿಂದಿನ ಆಕ್ಸಲ್ ಬೇರೆ ಬೇರೆ ವೇಗದಲ್ಲಿ ತಿರುಗಲು ನೋಡುತ್ತವೆ, ಎರಡೂ ಆಕ್ಸಲ್‌ಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ನಡುವೆ ಸಿಕ್ಕಿ ಒದ್ದಾಡುತ್ತದೆ. ಟೈರ್ ಒಡೆಯುವುದು ಹೆಚ್ಚಾಗಿ ಫೋರ್ ವೀಲ್ ಬೇಕಾದ ಜಾಗದಲ್ಲೇ, ಅದನ್ನೂ ನೆನಪಿಡಿ. ಹಾಗಾಗಿ ಐದು ಟೈರಿನ ದುಡ್ಡು ಹೊಂದಿಸಿ, ಹೊಸ ಚಕ್ರ ಸ್ಟೆಪ್ನಿ ಜಾಗಕ್ಕೆ ಹಿಡಿಯುತ್ತದಾ, ಹಿಂಬಾಗಿಲಿನ ಕೀಲು ಆ ಭಾರ ತಡೆಯುತ್ತದಾ ಅಂತ ಆರ್ಡರ್ ಮಾಡುವ ಮುಂಚೆಯೇ ಟೇಪ್ ಹಿಡಿದು ಅಳೆಯಿರಿ. ಐದನೆಯದು ಹಿಡಿಯದಿದ್ದರೆ ಒಂದು ಸೈಜ್ ಕೆಳಗೆ ಬನ್ನಿ.