ಮೊದ್ಲು ಬೊಗಳು, ಆಮೇಲೆ ಬಿಸ್ಕತ್ತು

ಬ್ರೂನೋ ಬೊಗಳೋದನ್ನ ನಿಲ್ಸೋಕೆ ಎರಡು ವಾರ ಪಟ್ಟು ಹಿಡಿದು ಟ್ರೈನಿಂಗ್ ಕೊಟ್ಟೆ, ಈಗ ಅವನು ಮೊದಲಿಗಿಂತ ಜಾಸ್ತಿ ಬೊಗಳ್ತಾನೆ. ಯಾರಿಗೆ ಹೇಳಿದ್ರೂ ನಗ್ತಾರೆ. ಆದ್ರೆ ತಪ್ಪು ನಾಯಿದಲ್ಲ, ಥಿಯರಿದೂ ಅಲ್ಲ, ಪೂರ್ತಿ ನಂದೇ.

ಆಗಿದ್ದಿಷ್ಟು. ಕಾಲಿಂಗ್ ಬೆಲ್ ಆದ್ರೆ ಸಾಕು, ಸೂರು ಹಾರಿಹೋಗೋ ಹಾಗೆ ಬೊಗಳ್ತಿದ್ದ. ಗದರಿಸಿ ನೋಡಿದೆ, ನಾನೂ ಅವನ ಜೊತೆ ಸೇರ್ಕೊಂಡು ಬೊಗಳ್ತಿದೀನಿ ಅಂದ್ಕೊಂಡನೋ ಏನೋ, ಇನ್ನೂ ಹುರುಪಾದ. ಆಮೇಲೆ ಒಂದು ಶನಿವಾರ ಭಾನುವಾರ ಕೂತು ಈ ವಿಷ್ಯದ ಬಗ್ಗೆ ಸಿಕ್ಕಿದ್ದೆಲ್ಲಾ ಓದಿ ಹಾಕ್ದೆ, ಸೋಮವಾರ ಬೆಳಿಗ್ಗೆ ಎದ್ದಾಗ ನಾನು ಪಂಡಿತ. ಬೈಬಾರ್ದು, ನಾಯಿ ತಾನಾಗೇ ಬಾಯಿ ಮುಚ್ಚೋ ತನಕ ಕಾಯ್ಬೇಕು, ಮುಚ್ಚಿದ ತಕ್ಷಣ "ಸುಮ್ನೆ" ಅಂತ ಹೇಳಿ ಒಂದೆರಡು ಸೆಕೆಂಡಿನ ಒಳಗೆ ಬಿಸ್ಕತ್ತು ಬಾಯಿಗಿಡ್ಬೇಕು, ತಡ ಮಾಡಿದ್ರೆ ಯಾವುದಕ್ಕೆ ಸಿಕ್ತು ಅಂತ ಅದಕ್ಕೆ ಗೊತ್ತಾಗಲ್ಲ. ಎಷ್ಟು ಚೆನ್ನಾಗಿ ಕೆಲ್ಸ ಮಾಡ್ತು ಅಂತೀರಾ! ಎರಡೇ ದಿನಕ್ಕೆ ಬ್ರೂನೋ "ಸುಮ್ನೆ" ಅಂದ್ರೆ ಕಚಕ್ಕಂತ ಬಾಯಿ ಮುಚ್ತಿದ್ದ, ನಾನು ಆಫೀಸಲ್ಲೆಲ್ಲಾ ಹೇಳ್ಕೊಂಡು ಬಂದೆ.

ಮೂರನೇ ದಿನ ಬೆಲ್ಲೂ ಇಲ್ಲ ಏನೂ ಇಲ್ಲ, ಸೋಫಾ ಮೇಲೆ ಕೂತಿದ್ದವನ ಎದುರಿಗೆ ಬಂದು ನಿಂತ. ಒಂದ್ಸಲ "ಭೌ" ಅಂದ. ಬಾಯಿ ಮುಚ್ಚಿದ. ಕೂತ. ನನ್ನ ಮುಖ ನೋಡಿದ, ಕೌಂಟರ್ ಮುಂದೆ ಟೋಕನ್ ಹಿಡ್ಕೊಂಡು ನಿಂತವರು ನೋಡ್ತಾರಲ್ಲ ಹಾಗೆ.

ನಾನು ಕೊಟ್ಟಿದ್ದು ಸುಮ್ಮನಿರೋದಕ್ಕೆ ಅಂತ ನನ್ನ ಲೆಕ್ಕ. ಸುಮ್ಮನಾಗ್ಬೇಕಂದ್ರೆ ಮೊದಲು ಬೊಗಳ್ಬೇಕಲ್ಲ ಅನ್ನೋದು ಅವನ ಲೆಕ್ಕ. ಬೊಗಳೋದು, ನಿಲ್ಸೋದು, ತಿನ್ನೋದು, ಮೂರನ್ನೂ ಸೇರಿಸಿ ಒಂದೇ ಐಟಂ ಮಾಡ್ಕೊಂಡಿದ್ದಾನೆ. ಥಾರ್ನ್‌ಡೈಕ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞರು 1898ರಲ್ಲೇ ಬೆಕ್ಕುಗಳನ್ನ ಪೆಟ್ಟಿಗೆಯೊಳಗೆ ಕೂಡಿಹಾಕಿ ಇದನ್ನೇ ತೋರಿಸಿದ್ರು. ಬೆಕ್ಕು ಯೋಚನೆ ಗೀಚನೆ ಏನೂ ಮಾಡಲ್ಲ, ಪರಚುತ್ತೆ, ಕಚ್ಚುತ್ತೆ, ಅಕಸ್ಮಾತ್ ಅಗುಳಿ ತೆರೆದು ಹೊರಗೆ ಬಂದು ಊಟ ಸಿಕ್ರೆ, ಅದಕ್ಕೆ ಮುಂಚೆ ಏನು ಮಾಡಿತ್ತೋ ಅದನ್ನ ಮುಂದಿನ ಸಲ ಸ್ವಲ್ಪ ಬೇಗ ಮಾಡುತ್ತೆ, ಅಷ್ಟೇ. ಓದಿದ್ದೆ ನಾನು ಇದನ್ನ. ಅಂಡರ್‌ಲೈನ್ ಕೂಡ ಮಾಡಿದ್ದೆ.

ಅಂದಹಾಗೆ ನಾಯಿ ಅಂದ ತಕ್ಷಣ ಎಲ್ರೂ ರಷ್ಯಾದ ವಿಜ್ಞಾನಿ ಪಾವ್ಲೋವ್ ಹೆಸರು ತೆಗೀತಾರೆ, ಆದ್ರೆ ಆ ಮಹಾನುಭಾವರಿಗೆ 1904ರಲ್ಲಿ ನೊಬೆಲ್ ಬಂದಿದ್ದು ಜೀರ್ಣಕ್ರಿಯೆ ಕೆಲಸಕ್ಕೆ. ಊಟ ಬರೋಕೆ ಮುಂಚೆನೇ ನಾಯಿಗಳು ಜೊಲ್ಲು ಸುರಿಸೋದನ್ನ ಗಮನಿಸಿ, ಬರೀ ಸುಳಿವಿಗೇ ಮೈ ಹೀಗೆ ತಯಾರಾಗೋದನ್ನ ಹೇಗೆ ಕಲಿಯುತ್ತೆ ಅಂತ ಹುಡುಕೋ ದಾರಿ ಹಿಡಿದ್ರು. ನಮ್ಮನೇಲಿ ಬಿಸ್ಕತ್ತು ಡಬ್ಬಿ ಮುಚ್ಚಳದ ಸದ್ದಿಗೆ ಬ್ರೂನೋ ಓಡಿ ಬರ್ತಾನೆ, ಮಗಳೂ ಓಡಿ ಬರ್ತಾಳೆ, ನಿಜ ಹೇಳ್ಬೇಕಂದ್ರೆ ನನ್ನ ಬಾಯಲ್ಲೂ ನೀರು ಬರುತ್ತೆ.

ಮಗಳ ಕಥೆ ಬೇರೆ. ಪುಟ್ಟಿಗೆ ಆರು ವರ್ಷ, ಮೊಬೈಲ್ ಇಲ್ದೆ ತುತ್ತು ಒಳಗೆ ಹೋಗಲ್ಲ. ಅತ್ರೆ ಕೊಡ್ತೀವಿ ಅದಕ್ಕೇ ಅಳ್ತಾಳೆ, ಕೊಡೋದು ನಿಲ್ಸಿದ್ರೆ ಅಳೋದೂ ನಿಲ್ಲುತ್ತೆ, ಸಿಂಪಲ್. ಆದ್ರೆ ನಿಲ್ಲೋಕೆ ಮುಂಚೆ ಒಂದು ಜೋರಾದ ರೌಂಡ್ ಇರುತ್ತೆ ಅಂತಾನೂ ಪುಸ್ತಕದಲ್ಲೇ ಇತ್ತು. ಲಿಫ್ಟ್ ಬರದಿದ್ರೆ ನಾವು ಸುಮ್ನೆ ಮೆಟ್ಲು ಹತ್ತಲ್ಲ ನೋಡಿ, ಬಟನ್ನನ್ನ ಹತ್ತು ಸಲ ಒತ್ತಿ, ಆಮೇಲೆ ಗುದ್ದಿ, ಆಮೇಲೇ ಹತ್ತೋದು. ಹಂಗೆ. ಮೊದಲ ದಿನ ಹತ್ತು ನಿಮಿಷ ಅತ್ಲು, ತಡ್ಕೊಂಡೆ. ಎರಡನೇ ದಿನ ಇಪ್ಪತ್ತು ನಿಮಿಷ, ಅದನ್ನೂ ತಡ್ಕೊಂಡೆ. ಮೂರನೇ ದಿನ ನಲವತ್ತನೇ ನಿಮಿಷಕ್ಕೆ ಆಫೀಸ್ ಕಾಲ್ ಬಂತು, ಹಿಂದೆ ಮಗು ಕಿರುಚೋದು ಕೇಳಿ ಆ ಕಡೆಯವರು "ಎವ್ರಿಥಿಂಗ್ ಓಕೆ?" ಅಂದ್ರು, ನಾನು ಹೆಂಡ್ತಿ ಫೋನ್ ತೆಗೆದು ಪುಟ್ಟಿ ಕೈಗಿಟ್ಟೆ.

ಸಿಕ್ಕಿತು ಮಗುಗೆ ಪಾಠ. ಹತ್ತು ನಿಮಿಷ ಅತ್ರೆ ಸಾಲದು, ನಲವತ್ತು ನಿಮಿಷ ಅಳ್ಬೇಕು. ಸ್ಟ್ಯಾಮಿನಾ ಕೊಟ್ಟಿದ್ದು ನಾನೇ.

ಇದರ ಜೊತೆಗೆ ನಮ್ಮಮ್ಮ. ಪುಟ್ಟಿ ಹತ್ತು ಸಲ ಮೊಬೈಲ್ ಕೇಳಿದ್ರೆ ಎರಡ್ಸಲ ಮೂರ್ಸಲ ಕೊಡ್ತಾರೆ, ಯಾವಾಗ ಅಂತ ದೇವ್ರಿಗೇ ಗೊತ್ತು. ಪ್ರತಿಸಲ ಕೊಡೋದಕ್ಕಿಂತ ಹೀಗೆ ಯಾವಾಗಲೋ ಒಮ್ಮೆ ಕೊಟ್ಟು ಹತ್ತಿಸಿದ ಅಭ್ಯಾಸ ಬಿಡ್ಸೋದೇ ಕಷ್ಟ ಅಂತ ಸ್ಕಿನ್ನರ್ ಅನ್ನೋ ಮನಶ್ಶಾಸ್ತ್ರಜ್ಞರು ಇಲಿ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ ತೋರಿಸಿದಾರೆ, ಜೂಜಿನ ಮಶೀನ್ ಮುಂದೆ ಜನ ಎದ್ದೇಳದೆ ಕೂರೋದೂ ಅದಕ್ಕೇ. ಇದನ್ನೆಲ್ಲಾ ಅಮ್ಮನಿಗೆ ವಿವರಿಸಿದೆ. "ನಿನ್ನ ಬೆಳೆಸೋವಾಗ ನಾನು ಒಂದು ಪುಸ್ತಕನೂ ಓದ್ಲಿಲ್ಲಪ್ಪ" ಅಂದ್ರು.

ಅಡುಗೆಮನೆಯಿಂದ ಹೆಂಡ್ತಿ, "ಅದು ಗೊತ್ತಾಗುತ್ತೆ ಬಿಡಿ ಅತ್ತೆ" ಅಂದ್ಲು.

ಸ್ಟಾರ್ ಚಾರ್ಟ್ ಬಗ್ಗೆ ಹೇಳ್ದೇ ಇದ್ರೆ ಚೆನ್ನಾಗಿರ್ತಿತ್ತು, ಆದ್ರೂ ಹೇಳ್ತೀನಿ. ಪುಟ್ಟಿ ಗೋಡೆ, ಬಾಗಿಲು, ನನ್ನ ಬ್ಯಾಂಕ್ ಪೇಪರ್, ಎಲ್ಲಾದ್ರ ಮೇಲೂ ಚಿತ್ರ ಬರೀತಿದ್ಲು. ಗೋಡೆ ಉಳೀಲಿ ಅಂತ, ಹಾಳೆ ಮೇಲೆ ಬರೆದ್ರೆ ಒಂದು ಸ್ಟಾರ್ ಅಂದೆ. ಮೊದಲ ವಾರ ಸುಗ್ಗಿ. ಎರಡನೇ ವಾರ ಚಿತ್ರಗಳು ಚಿಕ್ಕವಾದ್ವು, ಒಂದು ಹಾಳೆಗೆ ಒಂದು ಗೆರೆ ಎಳೆದು "ಇದು ಹಾವು, ಸ್ಟಾರ್ ಕೊಡು" ಅನ್ನೋಳು. ದಿನಕ್ಕೆ ಹನ್ನೆರಡು ಹಾವು. ಸ್ಟಿಕರ್ ಖಾಲಿಯಾದ ದಿನ ಪೆನ್ಸಿಲ್ಲೂ ಕೆಳಗಿಟ್ಲು. ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನೋ ಮೂವರು 1973ರಲ್ಲಿ ನರ್ಸರಿ ಮಕ್ಕಳ ಮೇಲೆ ಮಾಡಿದ ಅಧ್ಯಯನ ನನಗೆ ಸಿಕ್ಕಿದ್ದು ಅದಾದ ಮೇಲೆ. ಚಿತ್ರ ಬರೆಯೋಕೆ ಮೊದಲೇ ಇಷ್ಟ ಇದ್ದ ಮಕ್ಕಳಿಗೆ, ಬರೆದ್ರೆ ಸರ್ಟಿಫಿಕೇಟ್ ಕೊಡ್ತೀವಿ ಅಂತ ಮುಂಚೆನೇ ಹೇಳಿ ಕೊಟ್ರು. ಆಮೇಲೆ ಆ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರದ ಹತ್ರ ಕೂತ್ರಂತೆ. ಏನೂ ಹೇಳದೆ ಕೊನೆಗೆ ಕೊಟ್ಟವರಿಗೆ ಹಾಗೇನೂ ಆಗ್ಲಿಲ್ಲ. ಈಗ ನಮ್ಮ ಗೋಡೆ ಸ್ವಚ್ಛವಾಗಿದೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತೆ.

ಇನ್ನು ಕಲಿಸ್ದೇ ಇರೋದನ್ನ ಮಾತ್ರ ಒಂದೇ ಸಲಕ್ಕೆ ಕಲೀತಾಳೆ. ಮೊನ್ನೆ ನೋಡಿದ್ರೆ ಆಟದ ಮರದ ಇಟ್ಟಿಗೆಯೊಂದನ್ನ ಕಿವಿಗೆ ಹಿಡ್ಕೊಂಡು, ಗೊಂಬೆಗೆ "ಒಂದ್ನಿಮಿಷ ಕಂದಾ, ಮೀಟಿಂಗಲ್ಲಿದೀನಿ" ಅಂತಿದ್ಲು. ಕೈಯಲ್ಲಿ ತಳ್ಳಿದ್ದೂ ಥೇಟ್ ನನ್ನ ಹಂಗೇ. ಇದಕ್ಕೆ ಯಾವ ಸ್ಟಾರೂ ಕೊಟ್ಟಿರ್ಲಿಲ್ಲ.

ಬ್ರೂನೋ ವಿಷ್ಯಕ್ಕೆ ವಾಪಸ್ ಬಂದ್ರೆ, ಚೆಂಡನ್ನ ತಂದು ಬುಟ್ಟಿಗೆ ಹಾಕೋದನ್ನೂ ಕಲಿಸಿದ್ದೆ. ಸ್ವಲ್ಪ ದಿನ ಹಾಕ್ದ. ಈಗ ಬುಟ್ಟಿ ತನಕ ತಂದು, ಹೆಗ್ಗಣ ಸಿಕ್ಕಿದೆಯೇನೋ ಅನ್ನೋ ಹಾಗೆ ಕತ್ತು ಒದರಿ ಒದರಿ, ಚೆಂಡನ್ನ ಕೊಂದು, ಬಿಸ್ಕತ್ತನ್ನೇ ಮರೆತು ಹೋಗ್ತಾನೆ. ಬ್ರೆಲೆಂಡ್ ದಂಪತಿ ಅಂತ ಅಮೆರಿಕದಲ್ಲಿ ಸಾವಿರಾರು ಪ್ರಾಣಿಗಳಿಗೆ ಟ್ರೈನಿಂಗ್ ಕೊಟ್ಟವರು, ಹಂದಿಗೆ ಮರದ ನಾಣ್ಯ ತಗೊಂಡೋಗಿ ಡಬ್ಬಿಗೆ ಹಾಕೋದು ಕಲಿಸಿದ್ರಂತೆ, ಕೆಲವು ವಾರ ಆದ್ಮೇಲೆ ಹಂದಿ ನಾಣ್ಯನ ದಾರೀಲೇ ಬೀಳಿಸಿ ಮೂತಿಯಿಂದ ನೆಲದ ಮೇಲೆ ಕೆದಕ್ತಾ ನಿಂತುಬಿಡ್ತು, ಹೊಟ್ಟೆ ಹಸಿದಿದ್ರೂ. ಇದನ್ನೆಲ್ಲಾ ಸೇರಿಸಿ ಅವರು 1961ರಲ್ಲಿ ಒಂದು ಲೇಖನ ಬರೆದ್ರು. ನಮ್ಮ ಅಮ್ಮ ಇಷ್ಟನ್ನೂ ಕೇಳಿಸ್ಕೊಂಡು "ನಾಯಿ ಬಾಲ ಡೊಂಕು" ಅಂತ ಮೂರೇ ಪದದಲ್ಲಿ ಮುಗಿಸಿದ್ರು.

ನಿನ್ನೆ ರಾತ್ರಿ ಎರಡು ಗಂಟೆಗೆ ಬಾಯಾರಿ ಎದ್ದು ಫ್ರಿಜ್ ತೆಗೆದೆ, ಲೈಟೂ ಹಾಕಿರ್ಲಿಲ್ಲ. ಹಿಂದೆ ಉಗುರಿನ ಟಕಟಕ. ಬ್ರೂನೋ ಬಂದು ಕೂತ. ನಾನು ಏನೂ ಹೇಳ್ಲಿಲ್ಲ. ಕೈ ಕೊಟ್ಟ, ನಾನು ತಗೊಳ್ಲಿಲ್ಲ. ಮಲಗಿದ, ಉರುಳಿದ, ಎದ್ದ, ಇನ್ನೊಂದು ಕೈ ಕೊಟ್ಟ. ಗೊತ್ತಿರೋದೆಲ್ಲಾ ಖಾಲಿ. ಸ್ವಲ್ಪ ಹೊತ್ತು ಯೋಚ್ನೆ ಮಾಡೋನ ಹಾಗೆ ನಿಂತ, ಮಲಗಿರೋರ ರೂಮಿನ ಕಡೆ ಒಮ್ಮೆ ನೋಡಿದ, ಆಮೇಲೆ ನನ್ನ ಕಡೆ ತಿರುಗಿ ಆದಷ್ಟು ಮೆಲ್ಲಗೆ, ಗಂಟಲಲ್ಲೇ, "ಭೌ" ಅಂದ.

"ಸುಮ್ನೆ" ಅಂದೆ.