ಮೂಗಿನಿಂದ ಓದುವವರು

ಅಭಿಪ್ರಾಯ ಲೇಖನ ಓದುವುದಕ್ಕೂ ಒಂದು ಕ್ರಮವಿದೆ. ಮೊದಲು ಬರೆದವರ ಹೆಸರು ನೋಡಬೇಕು. ನೋಡಿದ ಮೇಲೆ ಲೇಖನ ಓದದಿದ್ದರೂ ನಡೆಯುತ್ತದೆ. ‘ಈ ಕಾನೂನು ಶುದ್ಧ ಮೂರ್ಖತನ’ ಎಂದು ಗಂಡಸು ಬರೆದರೆ ನೇರನುಡಿ, ಹೆಂಗಸು ಬರೆದರೆ ಬಾಯಿ ಜೋರು. ಅವನ ‘ಬಹುಶಃ’ ವಿದ್ವಾಂಸನ ಸಂಯಮ. ಅವಳ ‘ಬಹುಶಃ’ಗೆ ‘ಪಾಪ, ಧೈರ್ಯ ಸಾಲದು’. ಅವನು ಮಗಳ ಜ್ವರದಿಂದ ಲೇಖನ ಶುರು ಮಾಡಿದರೆ ಎಂಥ ಆತ್ಮೀಯ ಶೈಲಿ! ಅವಳು ಅದನ್ನೇ ಮಾಡಿದರೆ ಅಡುಗೆಮನೆ ಸಾಹಿತ್ಯ.

ಹೆಸರು ಮುಚ್ಚಿಟ್ಟರೆ? ಅದಕ್ಕೂ ಹೆದರುವವರಲ್ಲ ನಮ್ಮ ಪಂಡಿತರು, ಬರೆದದ್ದು ಹೆಣ್ಣೋ ಗಂಡೋ ಎಂದು ವಾಸನೆ ಹಿಡಿಯುತ್ತಾರೆ. ಕನ್ನಡ ಮಾತ್ರ ಅವರಿಗೆ ಸ್ವಲ್ಪ ದ್ರೋಹ ಬಗೆದಿದೆ. ‘ಬರೆದನು’, ‘ಬರೆದಳು’ ಎಂದು ಪಕ್ಕದವರ ಗುಟ್ಟನ್ನೆಲ್ಲ ಬಿಟ್ಟುಕೊಡುವ ನಮ್ಮ ಕ್ರಿಯಾಪದ, ‘ನಾನು ಬರೆದೆ’ ಎಂದ ಕೂಡಲೇ ಬಾಯಿಗೆ ಬೀಗ ಹಾಕಿಕೊಳ್ಳುತ್ತದೆ. ಹಿಂದಿಯಲ್ಲಾದರೆ ‘ನಾನು ಬರೆಯುತ್ತೇನೆ’ ಎಂದವರೂ ಸಿಕ್ಕಿಬೀಳುತ್ತಾರೆ.

ಪಂಡಿತರ ಕೈಗೆ 1975ರಲ್ಲಿ ಒಂದು ಪಟ್ಟಿ ಸಿಕ್ಕಿತು. ಅಮೆರಿಕದ ಭಾಷಾವಿಜ್ಞಾನಿ ರಾಬಿನ್ ಲೇಕಾಫ್ ಹೆಂಗಸರ ಮಾತಿನದೆಂದು ಕೆಲವು ಗುರುತು ಹೇಳಿದ್ದರು: ವಾಕ್ಯದ ಬಾಲಕ್ಕೊಂದು ‘ಅಲ್ಲವೇ’, ನಡುವೆ ‘ಒಂಥರಾ’, ಮಿತಿಮೀರಿದ ವಿನಯ. ಹುಡುಗಿಯರಿಗೆ ಮೆತ್ತಗೆ ಮಾತಾಡಲು ಕಲಿಸುವುದೂ ನೀವೇ, ಮೆತ್ತಗಾಯಿತೆಂದು ಕಡೆಗಣಿಸುವುದೂ ನೀವೇ ಎಂಬುದು ಆಕೆಯ ತಕರಾರು. ನಮ್ಮವರು ಹಣ್ಣು ಎಸೆದು ಸಿಪ್ಪೆ ಇಟ್ಟುಕೊಂಡರು. 1980ರಲ್ಲಿ ಓಬಾರ್ ಮತ್ತು ಆಟ್ಕಿನ್ಸ್ ಎಂಬ ಸಂಶೋಧಕರು ನ್ಯಾಯಾಲಯದ ಸಾಕ್ಷಿಗಳ ಮಾತು ಕೇಳಿ, ಅಂತಸ್ತಿಲ್ಲದ ಗಂಡಸರೂ ಹೀಗೇ ತಡವರಿಸುತ್ತಾರೆ, ಅಧಿಕಾರದ ಅಭ್ಯಾಸವಿರುವ ಹೆಂಗಸರು ತಡವರಿಸುವುದಿಲ್ಲ ಎಂದು ತೋರಿಸಿದರು. ಆ ಪುಟವನ್ನು ಪಂಡಿತರು ತಿರುವಲಿಲ್ಲ. ಅಂತಸ್ತಿನ ಸುದ್ದಿ ಎತ್ತಿದರೆ ಸ್ವಂತ ಕುರ್ಚಿಯೂ ಅಲುಗುತ್ತದಲ್ಲ!

ಮುಂದೆ ಯಂತ್ರ ಬಂತು. 2002ರಲ್ಲಿ ಕಾಪೆಲ್ ಎಂಬ ಸಂಶೋಧಕ ಮತ್ತು ಸಂಗಡಿಗರು ಇಂಗ್ಲಿಷ್ ಬರಹಗಳ ಸರ್ವನಾಮ, ‘ಎ’, ‘ದ’ ಎಂಬ ಉಪಪದಗಳಂಥ ಚಿಲ್ಲರೆ ಪದಗಳನ್ನು ಕಂಪ್ಯೂಟರಿನಿಂದ ಎಣಿಸಿ, ಬರೆದವರು ಹೆಣ್ಣೋ ಗಂಡೋ ಎಂದು ಸುಮಾರು ನೂರಕ್ಕೆ 80 ಸಲ ಸರಿಯಾಗಿ ಹೇಳಿದರು. ಉಳಿದ 20 ಜನ ತಮ್ಮ ಲಿಂಗವನ್ನು ತಪ್ಪಾಗಿ ಬರೆದಿರಬೇಕು. 2006ರಲ್ಲಿ ಹೆರಿಂಗ್ ಮತ್ತು ಪವೊಲಿಲೊ ಎಂಬ ಸಂಶೋಧಕರು ಅದೇ ಲೆಕ್ಕ ಹಿಡಿದು ಇನ್ನೊಂದು ರಗಳೆ ತೆಗೆದರು: ದಿನಚರಿಯಂತೆ ಬರೆದರೆ ಗಂಡಸಿನ ಬರಹವೂ ‘ಹೆಣ್ಣು’, ಲೋಕದ ಸುದ್ದಿಗೆ ಟಿಪ್ಪಣಿ ಬರೆದರೆ ಹೆಂಗಸಿನದೂ ‘ಗಂಡು’. ಅಂದರೆ ಮೀಸೆ ಇರುವುದು ಬರಹದ ಪ್ರಕಾರಕ್ಕೆ.

ಆದರೂ ಮೂಗುಗಳ ಪೈಕಿ ಮಹಾಮೂಗು ಅಮೆರಿಕದ ವಿಜ್ಞಾನ ಕಥೆಗಾರ ರಾಬರ್ಟ್ ಸಿಲ್ವರ್‌ಬರ್ಗ್ ಅವರದು. ಜೇಮ್ಸ್ ಟಿಪ್ಟ್ರೀ ಎಂಬ ಹೆಸರಿನಲ್ಲಿ ಬರುತ್ತಿದ್ದ ವಿಜ್ಞಾನ ಕಥೆಗಳ ಕರ್ತೃ ಹೆಣ್ಣಿರಬಹುದು ಎಂಬ ಗುಮಾನಿಯನ್ನು 1975ರಲ್ಲಿ ಅವರು ತಳ್ಳಿಹಾಕಿದರು. ಆ ಬರವಣಿಗೆಯಲ್ಲಿ ತಪ್ಪಿಸಿಕೊಳ್ಳಲಾಗದ ಗಂಡಸುತನ ಇದೆಯಂತೆ. ಎರಡು ವರ್ಷದೊಳಗೆ ಟಿಪ್ಟ್ರೀ ಅರವತ್ತು ದಾಟಿದ ಆಲಿಸ್ ಶೆಲ್ಡನ್ ಎಂಬಾಕೆ ಎಂದು ಬಯಲಾಯಿತು. ಸಿಲ್ವರ್‌ಬರ್ಗ್ ಮರ್ಯಾದೆಯಿಂದ ತಪ್ಪೊಪ್ಪಿಕೊಂಡರು. ನಮ್ಮ ಪಂಡಿತರಿಂದ ಅಷ್ಟನ್ನು ನಿರೀಕ್ಷಿಸಬೇಡಿ. ಕಥೆಗಳಲ್ಲಿ ಒಂದು ಅಲ್ಪವಿರಾಮವೂ ಜಾಗ ಬದಲಿಸಿರಲಿಲ್ಲ. ಆ ಗಂಡಸುತನ ಮಾತ್ರ ರಾತ್ರೋರಾತ್ರಿ ಗಂಟುಮೂಟೆ ಕಟ್ಟಿ ಹೊರಟುಹೋಗಿತ್ತು.